ಅಂಕಿ ಪರೀಕ್ಷೆ ಕಟ್ಟಿದ್ದು, ಕೆಟ್ಟಿದ್ದು, ರಿಪೇರಿ ಮಾಡಿದ್ದು

ಒಂದರಿಂದ ಒಂಬತ್ತರವರೆಗೆ ಕನ್ನಡದಲ್ಲಿ ಬಾಯಿಬಿಟ್ಟು ಎಣಿಸಿ. ಈಗ ಇಂಗ್ಲಿಷಿನಲ್ಲಿ ಎಣಿಸಿ. ಕನ್ನಡದಲ್ಲಿ ಒಟ್ಟು 20 ಉಚ್ಚಾರದ ತುಂಡುಗಳು, ಇಂಗ್ಲಿಷಿನಲ್ಲಿ 10. ಅವರಲ್ಲಿ ಸೆವೆನ್ ಒಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಒಂದೇ ತುಂಡಿನ ಪದ. ನಮ್ಮಲ್ಲಿ ಒಂದೇ ತುಂಡಿನ ಅಂಕಿ ಒಂದೂ ಇಲ್ಲ. ಎರಡು ಮತ್ತು ಒಂಬತ್ತು ಅಂತೂ ಮೂರು ಮೂರು ತುಂಡು.

ನನ್ನ ಕಾಲೇಜಿನ ಪ್ರಾಜೆಕ್ಟ್ ಹುಟ್ಟಿದ್ದು ಇಲ್ಲಿಂದ. ಸೈಕಾಲಜಿಯಲ್ಲಿ ಅಂಕಿ ನೆನಪಿನ ಪರೀಕ್ಷೆ ಅಂತ ಒಂದಿದೆ. ಸೆಕೆಂಡಿಗೆ ಒಂದರಂತೆ ಅಂಕಿ ಹೇಳುತ್ತಾರೆ, ಕೇಳಿದವರು ಅದೇ ಕ್ರಮದಲ್ಲಿ ತಿರುಗಿ ಹೇಳಬೇಕು. ಸರಿಯಾದರೆ ಸಾಲಿಗೆ ಇನ್ನೊಂದು ಅಂಕಿ ಸೇರುತ್ತದೆ. 1887ರಲ್ಲೇ ಲಂಡನ್ನಿನಲ್ಲಿ ಜೋಸೆಫ್ ಜೇಕಬ್ಸ್ ಶಾಲೆಯ ಹುಡುಗಿಯರ ಮೇಲೆ ಇದನ್ನು ಮಾಡಿದ್ದರು. ಇವತ್ತಿಗೂ ವೆಕ್ಸ್ಲರ್ ಬುದ್ಧಿಶಕ್ತಿ ಪರೀಕ್ಷೆಯಲ್ಲಿ ಅಂಕಿ ಸಾಲು ಇದ್ದೇ ಇದೆ. 1980ರಲ್ಲಿ ಎಲ್ಲಿಸ್ ಮತ್ತು ಹೆನ್ನೆಲಿ ಅನ್ನುವ ಇಬ್ಬರು ಸಂಶೋಧಕರು, ಬ್ರಿಟನ್ನಿನ ವೇಲ್ಸ್ ಕಡೆಯ ವೆಲ್ಷ್ ಭಾಷೆ, ಇಂಗ್ಲಿಷ್ ಎರಡೂ ಬಲ್ಲವರನ್ನು ಕೂರಿಸಿ ಇದೇ ಪರೀಕ್ಷೆ ಮಾಡಿದರು. ಅದೇ ಜನಕ್ಕೆ ಇಂಗ್ಲಿಷಿನಲ್ಲಿ ಜಾಸ್ತಿ ಅಂಕಿ ನೆನಪಿದ್ದವು, ವೆಲ್ಷ್‌ನಲ್ಲಿ ಕಡಿಮೆ. ಕಾರಣ ಏನೆಂದರೆ ವೆಲ್ಷ್ ಅಂಕಿ ಹೇಳಲು ಜಾಸ್ತಿ ಹೊತ್ತು ಬೇಕು. ನಾವು ಅಂಕಿಗಳನ್ನು ಮನಸ್ಸಿನೊಳಗೇ ಗುನುಗಿಕೊಂಡು ಹಿಡಿದಿಟ್ಟುಕೊಳ್ಳುತ್ತೇವೆ. ಪದ ಉದ್ದವಾದರೆ ಗುನುಗುವುದು ನಿಧಾನವಾಗುತ್ತದೆ, ಅಷ್ಟರಲ್ಲಿ ಮೊದಲಿನದು ಮಾಸಿ ಹೋಗುತ್ತದೆ. 1975ರಲ್ಲಿ ಬ್ಯಾಡ್ಲಿ ಅನ್ನುವ ಸೈಕಾಲಜಿಸ್ಟ್ ಮತ್ತು ಜೊತೆಗಾರರು ಇದಕ್ಕೊಂದು ಅಂದಾಜು ಕೊಟ್ಟಿದ್ದರು: ಸುಮಾರು 2 ಸೆಕೆಂಡಿನಲ್ಲಿ ಬಾಯಲ್ಲಿ ಎಷ್ಟು ಹೇಳಲು ಆಗುತ್ತದೋ ಅಷ್ಟು ನೆನಪಿರುತ್ತದೆ.

ಅಂದ ಮೇಲೆ ಸಿರುಗುಪ್ಪದ ಹಳ್ಳಿ ಶಾಲೆಯ ಮಗುವಿಗೆ ಕನ್ನಡದಲ್ಲಿ ಅಂಕಿ ಹೇಳಿ, ಬಂದ ಅಂಕವನ್ನು ಇಂಗ್ಲಿಷ್ ಮಕ್ಕಳ ಕೋಷ್ಟಕದ ಪಕ್ಕ ಇಟ್ಟು, "ನೆನಪು ಕಡಿಮೆ" ಎಂದು ಬರೆದರೆ ಅದು ಅನ್ಯಾಯ ಅಲ್ವಾ? ಇದು ನನ್ನನ್ನು ನಿದ್ದೆಯಲ್ಲೂ ಬಿಡಲಿಲ್ಲ. ಮೇಡಂ ಹತ್ತಿರ ಹೇಳಿದೆ. "ಸರಿ, ಕಟ್ಟು. ಆದರೆ ಡೇಟಾಕ್ಕೆ ಅವಸರ ಮಾಡಬೇಡ. ಮೊದಲು ಪರೀಕ್ಷೆ ಮುರಿಯುತ್ತಾ ನೋಡು" ಅಂದರು.

ಮೂರು ವರ್ಷದಲ್ಲಿ ರೆಕಾರ್ಡ್ ಪುಸ್ತಕದ ತುಂಬಾ ಪ್ರಯೋಗ ಬರೆದಿದ್ದೇನೆ. ಆದರೆ ಅವೆಲ್ಲ ಬೇರೆಯವರು ಕಟ್ಟಿಕೊಟ್ಟವು. ಲ್ಯಾಬಿನ ಪೆಟ್ಟಿಗೆ ತೆಗೆದು, ಕಾರ್ಡ್ ತೋರಿಸಿ, ಸ್ಟಾಪ್‌ವಾಚ್ ಒತ್ತಿದರೆ ಮುಗಿಯುತ್ತಿತ್ತು. ಈ ಸಲ ಪೆಟ್ಟಿಗೆಯನ್ನೇ ನಾನು ಮಾಡಬೇಕಿತ್ತು. ಆರು ವಾರ ಹಿಡಿಯಿತು. ಏನೇನು ಕೆಟ್ಟಿತು, ಹೇಗೆ ಸರಿಮಾಡಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು ಇದು.

ಮೊದಲು ಕೆಟ್ಟದ್ದು ನನ್ನ ದನಿ

ಮೊದಲ ದಿನ ಚಿಕ್ಕಮ್ಮನ ಮಗಳನ್ನು ಮನೆಯಲ್ಲಿ ಕೂರಿಸಿದೆ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡಿಕೊಂಡು ನಾನೇ ಓದಿದೆ. ಇಂಗ್ಲಿಷಿನಲ್ಲಿ ಎಂಟು ಅಂಕಿಯನ್ನು ಸಲೀಸಾಗಿ ಹೇಳಿಬಿಟ್ಟಳು, ಕನ್ನಡದಲ್ಲಿ ಐದಕ್ಕೇ ತಡವರಿಸಿದಳು. ನನಗೆ ಖುಷಿಯೋ ಖುಷಿ. ಅಂದುಕೊಂಡದ್ದು ಮೊದಲ ದಿನವೇ ಬಂತು ಅಂತ.

ರಾತ್ರಿ ಫೋನಿನ ರೆಕಾರ್ಡಿಂಗ್ ಕೇಳಿದೆ. ಇಂಗ್ಲಿಷ್ ಅಂಕಿಗಳನ್ನು ನಾನು ಎರಡೆರಡಾಗಿ ಜೋಡಿಸಿ ಓದಿದ್ದೆ. "ಸೆವೆನ್ ಟು, ನೈನ್ ಫೋರ್, ತ್ರೀ ಏಟ್." ನಾವು ಫೋನ್ ನಂಬರ್ ಹೇಳುವ ರಾಗವೇ ಅದು. ಜೋಡಿ ಮಾಡಿಕೊಟ್ಟರೆ ಯಾರಿಗಾದರೂ ನೆನಪಿಡುವುದು ಸುಲಭ. ಕನ್ನಡದ್ದನ್ನು ಒಂದೊಂದಾಗಿ, ಪಾಠ ಒಪ್ಪಿಸುವಂತೆ ಓದಿದ್ದೆ. ಅಷ್ಟೇ ಆಗಿದ್ದರೂ ಆಗುತ್ತಿತ್ತು. ಅವಳು ಸರಿ ಹೇಳುತ್ತಿದ್ದಾಗ ನಾನು "ಹ್ಞಾಂ" ಅನ್ನುತ್ತಿದ್ದೆ, ಇಂಗ್ಲಿಷಿನಲ್ಲಿ ಮಾತ್ರ. ನನ್ನ ಆಸೆ ನನ್ನ ಗಂಟಲಿನಿಂದ ಹೊರಟು ಅವಳ ಅಂಕದೊಳಗೆ ಹೋಗಿತ್ತು. ಆ ಹಾಳೆಯ ಮೇಲೆ ಅಡ್ಡ ಗೀಟು ಎಳೆದೆ. ಹರಿದು ಹಾಕಲಿಲ್ಲ, ಇನ್ನೂ ಫೈಲಿನಲ್ಲಿದೆ.

ರಿಪೇರಿ ಒಂದೇ: ಓದುವುದನ್ನು ನನ್ನ ಕೈಯಿಂದ ತೆಗೆಯುವುದು. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಒಂದೊಂದು ಅಂಕಿಯನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿ, ಆಮೇಲೆ ಬೇಕಾದ ಕ್ರಮಕ್ಕೆ ಜೋಡಿಸುವುದು. ಹಾಗೆ ಮಾಡಿದರೆ "ಏಳು" ಅನ್ನುವುದು ಸಾಲಿನ ಮೊದಲಿಗೆ ಬರಲಿ, ಕೊನೆಗೆ ಬರಲಿ, ಅದೇ ದನಿ, ಅದೇ ಎತ್ತರ.

ಬಳ್ಳಾರಿ ಬೇಸಿಗೆಯಲ್ಲಿ ಫ್ಯಾನ್ ಆರಿಸಿ ರೆಕಾರ್ಡ್ ಮಾಡುವುದು ಬೆಳಗಿನ ಜಾವ ಮಾತ್ರ ಸಾಧ್ಯ. ಐದು ಗಂಟೆಗೆ ಎದ್ದು, ಗೋಡೆಗೆ ದನಿ ಬಡಿದು ವಾಪಸ್ ಬರದಿರಲಿ ಎಂದು ಅಜ್ಜಿಯ ಕೌದಿಯನ್ನು ತಲೆ ಮೇಲೆ ಹೊದ್ದುಕೊಂಡು, ಫೋನ್ ಹಿಡಿದು ಒಂಬತ್ತು ಅಂಕಿ ಹೇಳಿದೆ. ಹತ್ತು ಹತ್ತು ಸಲ. ಅಜ್ಜಿ ಎದ್ದು ಬಂದು, "ಯಾಕವ್ವ, ಜ್ವರ ಬಂದಾವೇನು?" ಎಂದು ಕೌದಿ ಎತ್ತಿ ಹಣೆ ಮುಟ್ಟಿ ನೋಡಿದರು.

ಕಂಪ್ಯೂಟರಿನಲ್ಲಿ ದನಿಯ ಅಲೆಯನ್ನು ಅಗಲಿಸಿ ನೋಡಿದಾಗ ಇನ್ನೆರಡು ತಪ್ಪು ಕಣ್ಣಿಗೆ ಬಿದ್ದವು. ಪ್ರತಿ ಅಂಕಿಯ ರೆಕಾರ್ಡಿಂಗಿನ ಮುಂದೆ ಒಂದಿಷ್ಟು ಮೌನ ಉಳಿದಿತ್ತು, ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಸೆಕೆಂಡಿಗೊಂದು ಇಟ್ಟರೂ ತಾಳ ಕುಂಟುತ್ತಿತ್ತು. ಅಲೆ ಎಲ್ಲಿ ಏಳುತ್ತದೋ ಅಲ್ಲಿಗೇ ಕತ್ತರಿಸಿದೆ. ಎರಡನೆಯದು ಉಚ್ಚಾರ. ನಾನು "ನಾಲ್ಕು" ಎಂದು ಪುಸ್ತಕದ ಹಾಗೆ, ಲಕಾರ ಒತ್ತಿ ಹೇಳಿದ್ದೆ. ಮಾತಾಡುವಾಗ ಹಾಗೆ ಯಾರು ಹೇಳುತ್ತಾರೆ? "ನಾಕು" ಅನ್ನುತ್ತೇವೆ. "ಎರಡು" ಕೂಡ ನಮ್ಮ ಕಡೆ ಕೆಲವರ ಬಾಯಲ್ಲಿ "ಎಲ್ಡು" ಆಗುತ್ತದೆ. ಪುಸ್ತಕದ ಕನ್ನಡವನ್ನು ಅಳೆದು, ಬಾಯಿಯ ಕನ್ನಡ ನಿಧಾನ ಅಂದರೆ ಅದು ಸುಳ್ಳು. ಇನ್ನೊಂದು ಬೆಳಗಿನ ಜಾವ, ಇನ್ನೊಮ್ಮೆ ಕೌದಿ.

ಒಂದು ಪ್ರಶ್ನೆಗೆ ಪೂರ್ತಿ ಸಮಾಧಾನ ಸಿಕ್ಕಿಲ್ಲ. ಅಂಕಿ ಶುರುವಾಗುವುದನ್ನು ಸೆಕೆಂಡಿಗೊಂದು ಇಟ್ಟರೆ ಕನ್ನಡ ಅಂಕಿಗಳ ನಡುವೆ ಉಳಿಯುವ ಮೌನ ಕಡಿಮೆ, ಯಾಕೆಂದರೆ "ಒಂಬತ್ತು" ತನ್ನ ಸೆಕೆಂಡಿನ ದೊಡ್ಡ ಪಾಲನ್ನು ತಾನೇ ತಿಂದುಬಿಡುತ್ತದೆ. ಮೌನವನ್ನು ಸಮ ಮಾಡಿದರೆ ಕನ್ನಡದ ಸಾಲು ಒಟ್ಟಾರೆ ಉದ್ದವಾಗುತ್ತದೆ, ಮರೆಯಲು ಹೊತ್ತು ಜಾಸ್ತಿ ಸಿಗುತ್ತದೆ. ಎರಡರಲ್ಲಿ ಒಂದನ್ನು ಆರಿಸಲೇಬೇಕು. ಶುರುವನ್ನು ಸಮ ಇಟ್ಟೆ, ಎಲ್ಲ ಕಡೆ ಬಳಸುವ ಕ್ರಮ ಅದು. ಯಾಕೆ ಹಾಗೆ ಮಾಡಿದೆ ಎಂದು ಬರೆದಿಟ್ಟೆ, ವರದಿಯಲ್ಲೂ ಬರೆಯುತ್ತೇನೆ.

8392

ಅಂಕಿ ಸಾಲುಗಳನ್ನು ಲೆಕ್ಕದ ಹಾಳೆಯ ಸಾಫ್ಟ್‌ವೇರ್ ಕ್ಯಾಲ್ಕ್‌ನಲ್ಲಿ ಗೊತ್ತುಗುರಿಯಿಲ್ಲದೆ ಹುಟ್ಟಿಸಿದ್ದೆ. ಗೊತ್ತುಗುರಿಯಿಲ್ಲದ್ದು ಅಂದರೆ ನ್ಯಾಯವಾದದ್ದು ಅಂತ ನಂಬಿದ್ದೆ. ಇಬ್ಬರು ಗೆಳತಿಯರನ್ನು ಕೂರಿಸಿದಾಗ ಒಂದೇ ಸಾಲಿಗೆ ಇಬ್ಬರೂ ನಕ್ಕರು. ಆ ಸಾಲಿನ ನಡುವೆ 8, 3, 9, 2 ಇತ್ತು. 08392 ಬಳ್ಳಾರಿಯ ಎಸ್‌ಟಿಡಿ ಕೋಡ್. ಅಂಗಡಿ ಬೋರ್ಡಿನಲ್ಲಿ, ಮದುವೆ ಕಾರ್ಡಿನಲ್ಲಿ, ಬಟ್ಟೆ ಚೀಲದ ಮೇಲೆ ನಾವು ಹುಟ್ಟಿದಾಗಿನಿಂದ ನೋಡಿದ ನಂಬರ್. ಅವರಿಗೆ ಅದು ನಾಲ್ಕು ಅಂಕಿ ಆಗಿರಲಿಲ್ಲ, ಒಂದೇ ಮುದ್ದೆ ಆಗಿತ್ತು. 1956ರಲ್ಲಿ ಸೈಕಾಲಜಿಸ್ಟ್ ಜಾರ್ಜ್ ಮಿಲ್ಲರ್, ಒಮ್ಮೆಗೆ ನೆನಪಿನಲ್ಲಿ ನಿಲ್ಲುವುದು ಏಳು, ಹೆಚ್ಚುಕಡಿಮೆ ಎರಡು ಎಂದು ಬರೆದಾಗ ಹೇಳಿದ ಮುಖ್ಯ ಮಾತೇ ಇದು. ನೆನಪಿಗೆ ಲೆಕ್ಕ ಅಂಕಿಯದ್ದಲ್ಲ, ಮುದ್ದೆಯದ್ದು. ಪಠ್ಯದಲ್ಲಿ ಓದಿ ಪರೀಕ್ಷೆಗೂ ಬರೆದಿದ್ದೆ. ಅರ್ಥವಾದದ್ದು ಗೆಳತಿಯರು ನಕ್ಕಾಗ.

ಅವತ್ತು ಕೂತು ಎಲ್ಲ ಸಾಲನ್ನೂ ಸೋಸಿದೆ. 9448 ತೆಗೆದೆ, ನಮ್ಮಲ್ಲಿ ಎಷ್ಟೋ ಜನರ ಬಿಎಸ್‌ಎನ್‌ಎಲ್ ನಂಬರ್ ಹಾಗೇ ಶುರುವಾಗುತ್ತದೆ. 1947 ಹೋಯಿತು. 34 ಕೂಡ ಜೊತೆಯಾಗಿ ಬರಬಾರದು, ಬಳ್ಳಾರಿ ಗಾಡಿಗಳ ನಂಬರ್ ಕೆಎ 34 ಎಂದೇ ಶುರುವಾಗುತ್ತದೆ. ಪಕ್ಕಪಕ್ಕದ ಅಂಕಿ 4, 5ರಂತೆ ಏರುತ್ತಾ, 5, 4ರಂತೆ ಇಳಿಯುತ್ತಾ ಬರಬಾರದು, ಒಂದೇ ಸಾಲಿನಲ್ಲಿ ಒಂದು ಅಂಕಿ ಎರಡು ಸಲ ಬರಬಾರದು. ಹಾಗಾಗಿ ಸಾಲು ಒಂಬತ್ತಕ್ಕಿಂತ ಉದ್ದ ಇರಲ್ಲ. ಎರಡು ಕಟ್ಟು ಸಾಲು ಮಾಡಿದೆ, ಅ ಮತ್ತು ಬ. ಅರ್ಧ ಜನಕ್ಕೆ ಅ ಕಟ್ಟು ಕನ್ನಡದಲ್ಲಿ, ಬ ಇಂಗ್ಲಿಷಿನಲ್ಲಿ. ಇನ್ನರ್ಧ ಜನಕ್ಕೆ ತಿರುಗುಮುರುಗು. ಯಾವ ಭಾಷೆ ಮೊದಲು ಅನ್ನುವುದನ್ನೂ ಹಾಗೇ ಹಂಚಿದೆ. ಮೊದಲು ಬಂದದ್ದಕ್ಕೆ ಅಭ್ಯಾಸ ಇರಲ್ಲ, ಆಮೇಲೆ ಬಂದದ್ದಕ್ಕೆ ದಣಿವು ಇರುತ್ತದೆ. ಎರಡೂ ಒಂದೇ ಭಾಷೆಯ ತಲೆಗೆ ಬೀಳಬಾರದು. ಚೀಟಿ ಮಡಚಿ ಡಬ್ಬಿಗೆ ಹಾಕಿದ್ದೇನೆ. ಬಂದವರೇ ಒಂದು ಚೀಟಿ ಎತ್ತುತ್ತಾರೆ.

ಎಕ್ಸೆಲ್ ಬಳಸುವವರಿಗೆ ಒಂದು ಮಾತು. ಉತ್ತರವನ್ನು 5-8-2 ಎಂದು ಟೈಪ್ ಮಾಡಿದರೆ ಅದು ತಾರೀಕು ಎಂದುಕೊಂಡು ಬದಲಾಯಿಸಿಬಿಡುತ್ತದೆ. ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟುಕೊಳ್ಳಿ.

ಜೀನ್ಸ್ ಹೊಲಿಯುವವರು

ಕಾಲೇಜಿನವರನ್ನಷ್ಟೇ ಕೂರಿಸಿದರೆ ಇಂಗ್ಲಿಷಿನಲ್ಲಿ ನಂಬರ್ ಹೇಳುವ ರೂಢಿ ಇದ್ದವರೇ ಸಿಗುತ್ತಾರೆ. ಕನ್ನಡದಲ್ಲಿ ದಿನವಿಡೀ ಎಣಿಸುವ ಜನ ಬೇಕಿತ್ತು. ಬಳ್ಳಾರಿಯಲ್ಲಿ ಅದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಓಣಿಯಲ್ಲೇ ಜೀನ್ಸ್ ಹೊಲಿಯುವ ಒಂದು ಸಣ್ಣ ಯೂನಿಟ್ ಇದೆ. ಪ್ಯಾಂಟು ಎಣಿಸಿ ಕಟ್ಟು ಕಟ್ಟುವುದು, ಪೀಸಿಗೆ ಇಷ್ಟು ಎಂದು ಕೂಲಿ ಲೆಕ್ಕ ಹಾಕುವುದು, ಎಲ್ಲ ಬಾಯಲ್ಲೇ.

ಓನರ್ ಒಳ್ಳೆಯವರು. ವಿಷಯ ಹೇಳಿದ ಕೂಡಲೇ ಮಷಿನ್ ನಿಲ್ಲಿಸಿ, "ಎಲ್ರೂ ಬರ್ರಿ, ಈ ಹುಡುಗಿ ಕೇಳಿದ್ದಕ್ಕೆ ಹೇಳ್ರಿ" ಎಂದು ಕರೆದರು. ನಾಲ್ವರು ಸಾಲಾಗಿ ಬಂದು ನಿಂತರು. ನನ್ನ ಕೈಯಲ್ಲಿ ಒಪ್ಪಿಗೆ ಪತ್ರ ಇತ್ತು. "ನಿಮಗೆ ಇಷ್ಟವಿದ್ದರೆ ಮಾತ್ರ, ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು" ಎಂದು ಅದರಲ್ಲಿ ಬರೆದಿತ್ತು. ಓನರ್ ಎದುರಿಗೆ ನಿಂತಿರುವಾಗ ಆ ಮಾತಿಗೆ ಏನು ಬೆಲೆ? ಕೂಲಿ ಕೊಡುವವರು ಕೂತ್ಕೊ ಅಂದ ಮೇಲೆ ಬೇಡ ಅನ್ನುವುದಕ್ಕೆ ಯಾರಿಗಾಗುತ್ತದೆ? ಅವರಿಗೆ ನಮಸ್ಕಾರ ಹೇಳಿ, ಇವತ್ತು ಬೇಡ ಎಂದು ವಾಪಸ್ ಬಂದೆ. ಒಂದು ವಾರ ಬಿಟ್ಟು, ಕೆಲಸ ಮುಗಿದ ಮೇಲೆ, ಅವರವರ ಮನೆ ಬಾಗಿಲಲ್ಲಿ ಕೇಳಿದೆ. ಇಬ್ಬರು ಬರ್ತೀವಿ ಅಂದರು, ಇಬ್ಬರು ಬೇಡ ಅಂದರು. ಬೇಡ ಅಂದವರು ಬೇಡ ಅನ್ನಲು ಆಯಿತಲ್ಲ, ಅದರಿಂದ ನನಗೆ ಒಪ್ಪಿಗೆ ಪತ್ರದ ಮೇಲೆ ಧೈರ್ಯ ಬಂತು.

ಬಂದ ಇಬ್ಬರಲ್ಲಿ ಒಬ್ಬ ಅಕ್ಕ ನಾಲ್ಕನೇ ಇಯತ್ತೆವರೆಗೆ ಓದಿದವರು. ಸಾಲು ಉದ್ದವಾಗುತ್ತಾ ಹೋಯಿತು. ಆರು ಅಂಕಿಯ ಎರಡೂ ಸಾಲು ತಪ್ಪಿದವು, ಪರೀಕ್ಷೆ ನಿಂತಿತು. ಅವರು ಇಯರ್‌ಫೋನ್ ತೆಗೆದು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟು, "ನಾ ಓದಿಲ್ಲವ್ವ, ನಂಗಿವೆಲ್ಲ ಬರಂಗಿಲ್ಲ" ಅಂದರು. ಮುಖ ಸಣ್ಣದಾಗಿತ್ತು.

ನಾನು ಕಟ್ಟಿದ ಪರೀಕ್ಷೆಯಲ್ಲಿ ಎಲ್ಲರೂ ಸೋತೇ ಎದ್ದು ಹೋಗುತ್ತಾರೆ. ಅದರ ರಚನೆಯೇ ಹಾಗೆ, ತಪ್ಪುವವರೆಗೂ ಉದ್ದ ಮಾಡುತ್ತಾ ಹೋಗುವುದು. ನನಗದು ಅಳತೆ. ಅವರಿಗೆ, ಶಾಲೆ ಬಿಟ್ಟ ದಿನ ಯಾರೋ ಹೇಳಿದ ಮಾತು ಮತ್ತೆ ಕೇಳಿದಂತೆ. ಇದಕ್ಕೆ ಎರಡು ರಿಪೇರಿ ಮಾಡಿದೆ. ಶುರುವಿಗೆ ಮುಂಚೆಯೇ ಹೇಳುತ್ತೇನೆ: "ಇದು ಎಲ್ಲರಿಗೂ ಒಂದು ಹಂತದಲ್ಲಿ ತಪ್ಪುವ ಹಾಗೇ ಮಾಡಿರುವುದು. ನನಗೂ ತಪ್ಪುತ್ತದೆ. ನಾನು ಅಳೆಯುವುದು ಭಾಷೆಯನ್ನು, ನಿಮ್ಮನ್ನಲ್ಲ." ಕೊನೆಗೆ, ಅಂಕಕ್ಕೆ ಸೇರದ ಒಂದು ಚಿಕ್ಕ ಸಾಲು ಇಟ್ಟೆ. ನಾಲ್ಕೇ ಅಂಕಿ. ಸರಿಯಾಗಿ ಹೇಳಿ ಏಳುತ್ತಾರೆ. ಆ ಅಕ್ಕನ ಮನೆಗೆ ಮತ್ತೆ ಹೋಗಿ ಇದನ್ನೆಲ್ಲ ಬಿಡಿಸಿ ಹೇಳಿದೆ. ಒಗ್ಗರಣೆ ಮಿರ್ಚಿ ಕೊಟ್ಟು ಕೂರಿಸಿದರು. ಅವರ ಅಂಕ ಮುಖ್ಯ ಡೇಟಾಕ್ಕೆ ಸೇರುವುದಿಲ್ಲ, ಅದು ಪೈಲಟ್, ಅಂದರೆ ಪರೀಕ್ಷೆ ಸರಿಯಿದೆಯಾ ಎಂದು ನೋಡುವ ತಾಲೀಮು. ಆದರೆ ಪರೀಕ್ಷೆಯನ್ನು ಅತಿ ಹೆಚ್ಚು ಬದಲಾಯಿಸಿದವರು ಅವರೇ.

ನೋಟು ಎಣಿಸುವ ಭಾಷೆ

ಫಾರ್ಮಿನಲ್ಲಿ "ಮಾತೃಭಾಷೆ" ಎಂದು ಒಂದು ಗೆರೆ ಇತ್ತು. ತರಕಾರಿ ಮಾರುವ ಒಬ್ಬ ಅಣ್ಣ ಕನ್ನಡ ಎಂದು ಬರೆಸಿದರು. ಸಹಿ ಹಾಕುವಾಗ ಗಿರಾಕಿ ಬಂದರು. ಅಣ್ಣ ನೋಟು ಎಣಿಸಿದರು: "ಒಕಟಿ, ರೆಂಡು, ಮೂಡು, ನಾಲುಗು..." ಮನೆಯಲ್ಲಿ ಅಮ್ಮ ತೆಲುಗು, ಅಪ್ಪ ಕನ್ನಡ, ಲೆಕ್ಕ ಕಲಿತದ್ದು ತೆಲುಗು ಮಾತಾಡುವ ಮಾವನ ಅಂಗಡಿಯಲ್ಲಿ. ಬಳ್ಳಾರಿ ಜಿಲ್ಲೆ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು, ಆಂಧ್ರದ ಗಡಿ ಇಲ್ಲೇ ಪಕ್ಕದಲ್ಲಿದೆ. ಒಂದೇ ಮನೆಯಲ್ಲಿ ಎರಡು ಭಾಷೆ ಇರುವುದು ನಮಗೆ ಹೊಸದೇನಲ್ಲ. ನನ್ನ ಫಾರ್ಮಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಆ ಗೆರೆ ತೆಗೆದು ಮೂರು ಪ್ರಶ್ನೆ ಬರೆದೆ. ನೋಟು ಎಣಿಸುವಾಗ ಯಾವ ಭಾಷೆ? ಫೋನ್ ನಂಬರ್ ಹೇಳುವಾಗ ಯಾವ ಭಾಷೆ? ಮಗ್ಗಿ ಕಲಿತದ್ದು ಯಾವ ಭಾಷೆಯಲ್ಲಿ? ಈ ಮೂರಕ್ಕೂ ಒಂದೇ ಉತ್ತರ ಕೊಟ್ಟವರು ಪೈಲಟ್‌ನಲ್ಲಿ ಬಹಳ ಕಡಿಮೆ. ಬೇರೆ ಕಡೆಯ ಫಾರ್ಮ್ ತಂದು ತರ್ಜುಮೆ ಮಾಡಿದ್ದರೆ ಈ ಪ್ರಶ್ನೆ ಎಂದಿಗೂ ಬರುತ್ತಿರಲಿಲ್ಲ.

ಹೇಳುವ ವೇಗ ಅಳೆಯುವುದೂ ಕೈಕೊಟ್ಟಿತು. ವೆಲ್ಷ್ ಅಂಕಿಗಳಲ್ಲೂ ಹೆಚ್ಚಿನವು ಒಂದೇ ತುಂಡಿನವು, ಸ್ವರ ಉದ್ದ ಅಷ್ಟೆ. ಹಾಗಾಗಿ ತುಂಡು ಎಣಿಸಿದರೆ ಸಾಲದು, ಹೊತ್ತನ್ನೇ ಅಳೆಯಬೇಕು. ಅಂಕಿ ಬರೆದ ಹಾಳೆ ಕೊಟ್ಟು ಜೋರಾಗಿ ಓದಿ ಅಂದೆ. 7 ನೋಡಿದ ಕೂಡಲೇ ಕಾಲೇಜಿನವರ ಬಾಯಲ್ಲಿ ಸೆವೆನ್ ಬರುತ್ತದೆ. ಅದನ್ನು ನುಂಗಿ ಏಳು ಅನ್ನುವಷ್ಟರಲ್ಲಿ ಹೊತ್ತು ಹೋಗುತ್ತದೆ. ಕನ್ನಡ ಅಂಕಿಯಲ್ಲಿ ೭ ಎಂದು ಬರೆದುಕೊಟ್ಟೆ. ೬ ಯಾವುದು, ೯ ಯಾವುದು ಎಂದು ಕಣ್ಣು ತಡವರಿಸಿತು. ಅಳೆಯಬೇಕಾದದ್ದು ಬಾಯಿಯನ್ನು, ನಾನು ಅಳೆಯುತ್ತಿದ್ದದ್ದು ಕಣ್ಣನ್ನು. ಓದಿಸುವುದನ್ನೇ ಬಿಟ್ಟೆ. ಈಗ ಮೂರು ಅಂಕಿ ಕೇಳಿಸಿ, "ಏಳು ಎರಡು ಒಂಬತ್ತು" ಎಂಬಂತೆ, ಅದನ್ನೇ ಐದು ಸಲ ಬೇಗ ಬೇಗ ಹೇಳಿ ಅನ್ನುತ್ತೇನೆ. ರೆಕಾರ್ಡಿಂಗ್ ಅಲೆಯಲ್ಲಿ ಶುರು, ಕೊನೆ ನೋಡಿ ಹೊತ್ತು ಬರೆದುಕೊಳ್ಳುತ್ತೇನೆ.

ರಿಪೇರಿ ಆಗದ ಒಂದು ಬಿರುಕು

ಕೊನೆಯ ಪೈಲಟ್‌ನಲ್ಲಿ ಒಬ್ಬ ಹುಡುಗ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸರಿಸಮ ಅಂಕ ತೆಗೆದ. ಒಳ್ಳೆಯದೇ, ನನ್ನ ಊಹೆಗೆ ಎದುರಾಗಿ ಬಂದದ್ದನ್ನೂ ಬರೆಯಬೇಕು. ಆದರೂ ಕೇಳಿದೆ, ಹೇಗೆ ನೆನಪಿಟ್ಟೆ ಅಂತ. "ಕನ್ನಡದಲ್ಲಿ ಕೇಳಿಸ್ತು ಅಕ್ಕ, ನಾನು ಒಳಗೆ ಇಂಗ್ಲಿಷ್ ಮಾಡ್ಕೊಂಡೆ. ಹೇಳೋವಾಗ ಮತ್ತೆ ಕನ್ನಡ ಮಾಡ್ದೆ" ಅಂದ.

ತುಂಬಾ ಹೊತ್ತು ಸುಮ್ನೆ ಕೂತೆ. ಕಿವಿಗೆ ಹೋಗುವ ಭಾಷೆ ನನ್ನ ಕೈಯಲ್ಲಿದೆ, ಬಾಯಿಂದ ಬರುವ ಭಾಷೆಯೂ ಇದೆ. ನಡುವೆ ಮನಸ್ಸು ಯಾವ ಭಾಷೆಯಲ್ಲಿ ಗುನುಗುತ್ತದೆ ಅನ್ನುವುದಕ್ಕೆ ನಾನು ಬೇಲಿ ಹಾಕಲಾರೆ. ಎಲ್ಲಿಸ್ ಮತ್ತು ಹೆನ್ನೆಲಿ ಒಂದು ಹಂತದಲ್ಲಿ ಜನರ ಬಾಯಿಗೆ ಬೇರೆ ಕೆಲಸ ಕೊಟ್ಟು ಗುನುಗದಂತೆ ಮಾಡಿದ್ದರು. ಹಾಗೆ ಮಾಡಿದಾಗ ಎರಡು ಭಾಷೆಯ ನಡುವಿನ ಅಂತರ ಇಲ್ಲವಾಯಿತು. ನಾನೂ "ಲ ಲ ಲ" ಅನ್ನಿಸಿ ನೋಡಿದೆ. ಗೆಳತಿಯರಿಗೆ ಆಯಿತು. ಜೀನ್ಸ್ ಹೊಲಿಯುವ ಅಕ್ಕನಿಗೆ ಅದು ಮಕ್ಕಳಾಟದಂತೆ ಕಂಡು ಮುಜುಗರವಾಯಿತು, ಅರ್ಧಕ್ಕೇ ನಿಲ್ಲಿಸಿದೆ. ಆ ಭಾಗ ಈ ಪ್ರಾಜೆಕ್ಟಿನಲ್ಲಿ ಇರುವುದಿಲ್ಲ. ಬದಲಿಗೆ ಕೊನೆಯಲ್ಲಿ ಪ್ರತಿಯೊಬ್ಬರನ್ನೂ ಕೇಳುವ ಪ್ರಶ್ನೆ ಸೇರಿಸಿದೆ: "ಮನಸ್ಸಿನಲ್ಲಿ ಯಾವ ಭಾಷೆಯಲ್ಲಿ ಹೇಳಿಕೊಂಡಿರಿ?" ಜನ ಹೇಳುವುದೆಲ್ಲ ಅವರ ಮನಸ್ಸಿನಲ್ಲಿ ನಡೆದದ್ದೇ ಆಗಿರಬೇಕಿಲ್ಲ. ಹಾಗಿದ್ದರೂ ಕೇಳದೆ ಬಿಟ್ಟಿದ್ದರೆ, ಆ ಹುಡುಗನ ಸರಿಸಮ ಅಂಕವನ್ನು ನೋಡಿ "ಭಾಷೆಯಿಂದ ವ್ಯತ್ಯಾಸವಿಲ್ಲ" ಎಂದು ಬರೆದುಬಿಡುತ್ತಿದ್ದೆ.

ಡೇಟಾ ಮುಟ್ಟುವ ಮುಂಚೆ ಒಂದು ಹಾಳೆ ಬರೆದು ಮೇಡಂ ಕೈಯಲ್ಲಿ ತಾರೀಕು ಹಾಕಿಸಿ ಸಹಿ ಪಡೆದೆ. ಪ್ರತಿ ಉದ್ದಕ್ಕೂ ಎರಡು ಸಾಲು. ಎರಡೂ ತಪ್ಪಿದರೆ ನಿಲ್ಲಿಸುವುದು. ಒಟ್ಟು ಎಷ್ಟು ಸಾಲು ಸರಿಯೋ ಅದೇ ಅಂಕ. 40 ಜನ, ಪ್ರತಿಯೊಬ್ಬರೂ ಎರಡೂ ಭಾಷೆಯಲ್ಲಿ. ಕರೆಂಟ್ ಹೋಗಿಯೋ, ಯಾರಾದರೂ ಬಾಗಿಲು ಬಡಿದೋ ಸಾಲು ಕೆಟ್ಟರೆ ಅದರ ಬದಲಿಗೆ ಇಟ್ಟಿರುವ ಸಾಲು. ಮನಸ್ಸಿನಲ್ಲಿ ಭಾಷೆ ಬದಲಾಯಿಸಿದೆ ಅಂದವರನ್ನು ಲೆಕ್ಕದಿಂದ ತೆಗೆಯುವುದಿಲ್ಲ, ಅವರನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ, ಎರಡೂ ಲೆಕ್ಕ ತೋರಿಸುವುದು. ಫಲಿತಾಂಶ ನೋಡಿದ ಮೇಲೆ ಇವುಗಳಲ್ಲಿ ಯಾವುದನ್ನೂ ನನಗೆ ಬೇಕಾದಂತೆ ತಿರುಗಿಸಲು ಆಗಬಾರದು. ಆ ಹಾಳೆಯ ಫೋಟೋ ಮೇಡಂ ಫೋನಿನಲ್ಲೂ ಇದೆ.

ಇವತ್ತು ಸಂಜೆ ಮೊದಲ ನಿಜವಾದ ಸರದಿ. ದುರ್ಗಮ್ಮನ ಗುಡಿ ಹತ್ತಿರ ಹೂ ಮಾರುವ ಅಮ್ಮ. ನೋಟು ಎಣಿಸುವುದು ಕನ್ನಡದಲ್ಲಿ, ಫೋನ್ ನಂಬರ್ ಮೊಮ್ಮಗ ಹೇಳುತ್ತಾನೆ, ಮಗ್ಗಿ ಕಲಿತಿಲ್ಲ. ಒಪ್ಪಿಗೆ ಪತ್ರ ಓದಿ ಹೇಳಿದೆ. "ಬ್ಯಾಡಾದ್ರೆ ಎದ್ದೋಗಬೋದಾ?" ಎಂದು ಎರಡು ಸಲ ಕೇಳಿ, ಹೌದು ಅಂದ ಮೇಲೆ ಹೆಬ್ಬೆಟ್ಟು ಒತ್ತಿದರು. ಡಬ್ಬಿಯಿಂದ ಚೀಟಿ ಎತ್ತಿದರು: ಕನ್ನಡ ಮೊದಲು, ಅ ಕಟ್ಟು. ಹಾಳೆಯ ಮೇಲೆ ಹೆಸರಿನ ಬದಲು 01 ಎಂದು ಬರೆದೆ. ಅವರ ಮುಖ ನನಗೆ, ನನ್ನ ಮುಖ ಅವರಿಗೆ ಕಾಣದಂತೆ ಪಕ್ಕಕ್ಕೆ ಕೂತೆ. ಇಯರ್‌ಫೋನಿನಲ್ಲಿ ನನ್ನ ಬೆಳಗಿನ ಜಾವದ ದನಿ ಶುರುವಾಯಿತು. ಮೂರು ಸೆಕೆಂಡು, ಆಮೇಲೆ ಟಿಣ್ ಎಂಬ ಸದ್ದು.

"ಆರು, ಎಲ್ಡು, ಎಂಟು" ಅಂದರು ಅಮ್ಮ.